ನಾಳೆ ಬಾ ಎಂದು ಬರೆದ ಬಾಗಿಲು

2022ರ ಸೆಪ್ಟೆಂಬರ್ ತಿಂಗಳ ಒಂದು ಸಂಜೆ ಎಂ.ಎ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬ ನನ್ನ ಕೊಠಡಿಯ ಬಾಗಿಲಿಗೆ ಬಂದು ನಿಂತ. ಮಳೆ ಆಗಷ್ಟೇ ನಿಂತಿತ್ತು, ಅವನ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿನೊಳಗೆ ಎರಡು ಹಾಳೆಯ ಒಂದು ಮನವಿ ಪತ್ರವಿತ್ತು. ವಿದ್ಯಾರ್ಥಿವೇತನದ ಹಣ ಹಿಂದಿನ ವರ್ಷದಿಂದ ಬಂದಿರಲಿಲ್ಲವಾದ್ದರಿಂದ ಹಾಸ್ಟೆಲಿನ ಐವರು ವಿದ್ಯಾರ್ಥಿಗಳು ಮೆಸ್ ಬಾಕಿ ಕಟ್ಟಲಾಗದೆ ಉಳಿದಿದ್ದರು. ಆ ಐವರ ಹೆಸರನ್ನು ಊಟದ ಪಟ್ಟಿಯಿಂದ ತೆಗೆದು, ತೆಗೆದ ಹೆಸರುಗಳನ್ನು ಮೆಸ್ಸಿನ ಬಾಗಿಲಿಗೆ ಅಂಟಿಸಲಾಗಿತ್ತು. ಐವರಲ್ಲಿ ನಾಲ್ವರು ಪರಿಶಿಷ್ಟ ಜಾತಿಯವರು, ಒಬ್ಬ ಅಲೆಮಾರಿ ಸಮುದಾಯದಿಂದ ಬಂದವನು. ಬಾಕಿ ಹಣ ಸರ್ಕಾರದಿಂದ ಬರಬೇಕಾದದ್ದೇ ಹೊರತು ಈ ಹುಡುಗರು ಉಳಿಸಿಕೊಂಡದ್ದಲ್ಲ, ಆದ್ದರಿಂದ ಹಣ ಬರುವವರೆಗೆ ಅವರಿಗೆ ಊಟ ನಿಲ್ಲಿಸಬಾರದು, ಆ ಪಟ್ಟಿಯನ್ನು ಬಾಗಿಲಿನಿಂದ ತೆಗೆಯಬೇಕು ಎಂದು ಮನವಿಯಲ್ಲಿ ಕೇಳಿದ್ದರು. ಭಾಷೆ ಸೌಮ್ಯವಾಗಿತ್ತು, ಒಂದೇ ಒಂದು ಕಡೆ ‘ಅವಮಾನ’ ಎಂಬ ಪದವಿತ್ತು. ಎರಡನೆಯ ಹಾಳೆಯಲ್ಲಿ ಬೆಂಬಲಿಸುವ ಅಧ್ಯಾಪಕರ ಸಹಿಗೆಂದು ಖಾಲಿ ಗೆರೆಗಳನ್ನು ಎಳೆದಿದ್ದರು.

“ಸರ್, ನೀವು ಮೊದಲು ಹಾಕಿದ್ರೆ ಉಳಿದೋರೂ ಹಾಕ್ತಾರೆ” ಎಂದ. ನಾನು ಹಾಳೆಗಳನ್ನು ಓದಿದೆ. ಅದರಲ್ಲಿ ಬರೆದದ್ದೆಲ್ಲ ಸತ್ಯವೆಂಬುದು ನನಗೆ ಗೊತ್ತಿತ್ತು, ಏಕೆಂದರೆ ಆ ಐವರಲ್ಲಿ ಇಬ್ಬರು ನನ್ನ ತರಗತಿಯವರೇ. ಆದರೂ ನಾನು, “ಇಟ್ಟು ಹೋಗಪ್ಪ, ಇನ್ನೊಮ್ಮೆ ನೋಡ್ತೀನಿ, ನಾಳೆ ಬಾ” ಎಂದೆ. ಅವನು ಒಂದು ಕ್ಷಣ ನನ್ನನ್ನು ನೋಡಿದ. “ಇದೊಂದೇ ಪ್ರತಿ ಇರೋದು ಸರ್” ಎಂದು ಹೇಳಿ ಹಾಳೆಗಳನ್ನು ಮತ್ತೆ ಕವರಿನೊಳಗೆ ಜಾಗ್ರತೆಯಾಗಿ ತೂರಿಸಿಕೊಂಡು ಹೋದ. ಮರುದಿನ ಅವನು ಬರಲಿಲ್ಲ. ಅದರ ಮರುದಿನ ಮನವಿಯ ನಕಲನ್ನು ಸೂಚನಾ ಫಲಕದಲ್ಲಿ ನೋಡಿದೆ. ಅಧ್ಯಾಪಕರ ಗೆರೆಗಳಲ್ಲಿ ಮೊದಲನೆಯದರ ಮೇಲೆ ನಮ್ಮ ವಿಭಾಗದ ಅತಿಥಿ ಉಪನ್ಯಾಸಕಿಯೊಬ್ಬರ ಸಹಿ ಇತ್ತು. ಅದರ ಕೆಳಗಿನ ಏಳು ಗೆರೆಗಳು ಖಾಲಿಯಾಗಿಯೇ ಉಳಿದಿದ್ದವು.

ಕ್ಯಾಂಪಸ್ಸಿನ ಹೋರಾಟಗಳ ಬಗ್ಗೆ ಬರೆಯಬೇಕೆಂದು ಹಲವು ಬಾರಿ ಕೂತಿದ್ದೇನೆ. ಕೂತಾಗಲೆಲ್ಲ ಈ ಖಾಲಿ ಗೆರೆಗಳೇ ಮೊದಲು ಕಣ್ಣಿಗೆ ಬರುತ್ತವೆ. ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತಿದ್ದೇನೆ.

ನನ್ನ ತಲೆಮಾರಿನವರಿಗೆ ನೆನಪಿರಬೇಕು, ಒಂದು ಕಾಲಕ್ಕೆ ನಮ್ಮ ಊರು, ಬೀದಿಗಳ ಮನೆಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದಾಗಲೂ ಅದೇ ಬರಹ ಇರುವುದರಿಂದ ಮತ್ತೆ ಹಿಂದಿರುಗುತ್ತದೆ ಎಂಬುದು ನಂಬಿಕೆ. ಬೇಡದವರನ್ನು ಒಳಗೆ ಬಿಟ್ಟುಕೊಳ್ಳದೆ, ಬರಬೇಡ ಎಂದೂ ಹೇಳದೆ ದೂರವಿಡುವ ಉಪಾಯ ಅದು. ವಿಶ್ವವಿದ್ಯಾಲಯವೊಂದರಲ್ಲಿ ಇಪ್ಪತ್ತೈದು ವರ್ಷ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸುವುದೇನೆಂದರೆ, ಬಡವರ, ದಲಿತರ ಮಕ್ಕಳಿಗೆ ನಮ್ಮ ಕ್ಯಾಂಪಸ್ಸುಗಳಲ್ಲಿ ಆಗುವ ಅನ್ಯಾಯದ ಬಹುಪಾಲು ಈ ಎರಡು ಪದಗಳಲ್ಲಿಯೇ ನಡೆಯುತ್ತದೆ. ಬೈಗುಳ, ಹಲ್ಲೆ, ಬಹಿರಂಗ ಅವಮಾನಗಳೂ ಇವೆ, ಅವು ಸುದ್ದಿಯಾಗುತ್ತವೆ. ಆದರೆ ವಿದ್ಯಾರ್ಥಿವೇತನದ ಕಡತ ನಾಳೆ ಬರುತ್ತದೆ, ಮಾರ್ಗದರ್ಶಕರ ಹಂಚಿಕೆ ಮುಂದಿನ ಸಭೆಯಲ್ಲಿ ಆಗುತ್ತದೆ, ದೂರಿನ ವಿಚಾರಣೆಗೆ ಸಮಿತಿ ರಚನೆಯಾಗಬೇಕಿದೆ ಎಂಬ ಉತ್ತರಗಳು ಯಾರ ಬಾಯಲ್ಲಿಯೂ ಕಠಿಣವಾಗಿ ಕೇಳಿಸುವುದಿಲ್ಲ. ಅವುಗಳನ್ನು ಹೇಳುವವರು ಸಾಮಾನ್ಯವಾಗಿ ಸಭ್ಯರೇ ಆಗಿರುತ್ತಾರೆ. ಆ ಸಂಜೆ ನಾನೂ ಸಭ್ಯನಾಗಿಯೇ ಮಾತನಾಡಿದ್ದೆ.

ಪಂಪನ ಮಾತು ಮತ್ತು ಒಂದು ಲೋಟ ನೀರು

1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ನಡೆದ ಬೂಸಾ ಪ್ರಕರಣವನ್ನು ಓದುಗರಿಗೆ ಮತ್ತೆ ವಿವರಿಸುವ ಅಗತ್ಯವಿಲ್ಲ. ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ, ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ನಿಲ್ಲಿಸಲು ಹೊರಟ ಬಿ. ಬಸವಲಿಂಗಪ್ಪನವರು ದಲಿತ ವಿದ್ಯಾರ್ಥಿಗಳು ಇಂಗ್ಲಿಷ್ ಕಲಿಯಬೇಕೆಂದು ಹೇಳುತ್ತ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದದ್ದು, ಅದಕ್ಕೆ ರಾಜ್ಯದ ಕಾಲೇಜುಗಳು ಹೊತ್ತಿಕೊಂಡದ್ದು, ಕೊನೆಗೆ ಅವರು ರಾಜೀನಾಮೆ ಕೊಡಬೇಕಾಗಿ ಬಂದದ್ದು ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿಯೇ ಸೇರಿಹೋಗಿದೆ. ಆ ಚರಿತ್ರೆಗಳಲ್ಲಿ ಅಷ್ಟಾಗಿ ಕಾಣದ ಒಂದು ಸಂಗತಿಯೆಂದರೆ ಹಾಸ್ಟೆಲುಗಳು. ಸಚಿವರನ್ನು ವಿರೋಧಿಸಿ ಹೊರಟ ಮೆರವಣಿಗೆಗಳು ಕೈಗೆ ಸಿಗದ ಸಚಿವರನ್ನು ಬಿಟ್ಟು ಕೈಗೆ ಸಿಗುವ ಹುಡುಗರ ಕಡೆ ತಿರುಗಿದವು. ದಲಿತ ವಿದ್ಯಾರ್ಥಿಗಳು ಹಾಸ್ಟೆಲುಗಳಲ್ಲಿ, ಬೀದಿಗಳಲ್ಲಿ ಏಟು ತಿಂದರು. ಸಾಹಿತ್ಯದ ಕುರಿತ ಒಂದು ಮಾತಿಗೆ ಬೆಲೆ ತೆತ್ತವರಲ್ಲಿ ಬಹಳ ಮಂದಿ ತಮ್ಮ ಮನೆಯಲ್ಲಿ ಅಕ್ಷರ ಕಲಿತ ಮೊದಲಿಗರಾಗಿದ್ದರು.

ನಾನು ಎಂ.ಎ. ಓದುತ್ತಿದ್ದಾಗ ನಮಗೆ ಹಳಗನ್ನಡ ಹೇಳಿಕೊಡುತ್ತಿದ್ದ ಹಿರಿಯ ಮೇಷ್ಟ್ರೊಬ್ಬರಿದ್ದರು. 1973ರಲ್ಲಿ ಅವರು ಇನ್ನೊಂದು ಊರಿನ ಕಾಲೇಜೊಂದರಲ್ಲಿ ಹೊಸದಾಗಿ ಸೇರಿದ ಉಪನ್ಯಾಸಕರು. ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ, ಒಂದು ದಿನ ತರಗತಿ ಮುಗಿದ ಮೇಲೆ ಕ್ಯಾಂಟೀನಿನ ಕಲ್ಲುಬೆಂಚಿನ ಮೇಲೆ ಕೂತು ಅವರು ನನಗೆ ಆ ದಿನಗಳ ಒಂದು ಮಧ್ಯಾಹ್ನದ ವಿಷಯ ಹೇಳಿದರು. ಹೊರಗೆ ಮೆರವಣಿಗೆ ಹೊರಟಿತ್ತಂತೆ. ಅಧ್ಯಾಪಕರ ಕೊಠಡಿಯಲ್ಲಿ ಕೂತಿದ್ದ ಆರೇಳು ಜನ ಬಿಸಿಬಿಸಿಯಾಗಿ ಚರ್ಚಿಸುತ್ತಿದ್ದರಂತೆ. ಸಚಿವರ ಮಾತು ಪಂಪನಿಗೆ ಅನ್ವಯಿಸುತ್ತದೆಯೇ, ಕುಮಾರವ್ಯಾಸನನ್ನು ಏನು ಮಾಡುವುದು, ವಚನಗಳನ್ನು ಅವರು ಮರೆತರೇ, ಹೀಗೆ. ಆಗ ಇಬ್ಬರು ಹುಡುಗರು ಏದುಸಿರು ಬಿಡುತ್ತ ಒಳಗೆ ನುಗ್ಗಿದರು. ಇಬ್ಬರೂ ಹಾಸ್ಟೆಲಿನವರು. ಒಬ್ಬನ ಅಂಗಿಯ ತೋಳು ಹರಿದಿತ್ತು. ಅವರು ಯಾರ ಮೇಲೂ ದೂರು ಹೇಳಲಿಲ್ಲ, ಕುಡಿಯಲು ನೀರು ಕೇಳಿದರು. ಮೂಲೆಯಲ್ಲಿ ಹೂಜಿ ಇತ್ತು, ಅದರ ಮೇಲೆ ಒಂದೇ ಒಂದು ಸ್ಟೀಲ್ ಲೋಟವಿತ್ತು. ಕೊಠಡಿಯಲ್ಲಿದ್ದ ಯಾರೂ ಏಳಲಿಲ್ಲ, ಯಾರೂ ಬೇಡವೆಂದೂ ಹೇಳಲಿಲ್ಲ. ಸ್ವಲ್ಪ ಹೊತ್ತು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಜವಾನ ಬಂದು ಹುಡುಗರನ್ನು ಹೊರಗಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋದ.

“ನಾವು ಪಂಪನ ಮಾತಾಡ್ತಿದ್ವಿ ಕಣಯ್ಯಾ, ಅವರು ನೀರು ಕೇಳಿದ್ರು” ಎಂದರು ಮೇಷ್ಟ್ರು. ಪಂಪನ ‘ಮನುಷ್ಯಜಾತಿ ತಾನೊಂದೆ ವಲಂ’ ಎಂಬ ಮಾತನ್ನು ಪ್ರತಿ ವರ್ಷ ತರಗತಿಯಲ್ಲಿ ಕಂಠವೇರಿಸಿ ಹೇಳುತ್ತಿದ್ದವರು ಅವರು. ಆ ಮಾತನ್ನು ಹೇಳುವಾಗ ಅವರ ದನಿ ಯಾಕೆ ಅಷ್ಟು ಎತ್ತರಕ್ಕೆ ಹೋಗುತ್ತಿತ್ತು ಎಂಬುದು ನನಗೆ ಅಂದು ತಿಳಿಯಿತು. ಆ ಇಬ್ಬರು ಹುಡುಗರ ಹೆಸರು ಅವರಿಗೆ ನೆನಪಿತ್ತು, ಒಬ್ಬ ಆ ವರ್ಷವೇ ಕಾಲೇಜು ಬಿಟ್ಟನೆಂದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಹೇಳದ ಮಾತನ್ನು ಅವರು ನನಗೆ ಯಾಕೆ ಹೇಳಿದರೋ ತಿಳಿಯದು. ಇನ್ನು ಮುಂದೆ ಅದೇ ಕುರ್ಚಿಗಳಲ್ಲಿ ಕೂರುವವನು ನಾನೆಂದು ಅವರಿಗೆ ಅನ್ನಿಸಿರಬಹುದು.

ಆ ಪ್ರಕರಣದಿಂದ ಏಟು ತಿಂದ ತಲೆಮಾರು ಸುಮ್ಮನೆ ಕೂರಲಿಲ್ಲ ಎಂಬುದು ಕನ್ನಡದ ಭಾಗ್ಯ. ಮೈಸೂರಿನ ಯುವಕರು ‘ಪಂಚಮ’ ಪತ್ರಿಕೆ ತಂದರು. ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮೊದಲಾದವರ ಬರವಣಿಗೆ ಮತ್ತು ಸಂಘಟನೆ ಒಂದರ ಜೊತೆ ಒಂದು ಬೆಳೆದವು. ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡಿತು. ಅದರ ಸ್ಥಾಪಕ ರಾಜ್ಯ ಸಂಚಾಲಕರು ಒಬ್ಬ ಅಧ್ಯಾಪಕರು ಎಂಬುದನ್ನು ನಾನು ಬೇಕೆಂದೇ ಇಲ್ಲಿ ನೆನೆಯುತ್ತೇನೆ. 1938ರಲ್ಲಿ ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವರು. ಭೂಮಿಯ ಹಕ್ಕಿಗಾಗಿ, ದೌರ್ಜನ್ಯಗಳ ವಿರುದ್ಧ, ದೇವರ ಹೆಸರಿನಲ್ಲಿ ನಡೆಯುತ್ತಿದ್ದ ಚಂದ್ರಗುತ್ತಿಯ ಬೆತ್ತಲೆ ಸೇವೆಯಂಥ ಪದ್ಧತಿಗಳ ವಿರುದ್ಧ ಆ ಸಂಘಟನೆ ನಡೆಸಿದ ಹೋರಾಟಗಳು ಕಾಲೇಜಿನ ಆವರಣದಾಚೆಗೆ ಬಹು ದೂರ ಹೋದವು. ಆದರೆ ಹೆಂಡದಂಗಡಿ ಬೇಡ, ವಸತಿ ಶಾಲೆ ಕೊಡಿ ಎಂಬ ಅದರ ಬೇಡಿಕೆಯಲ್ಲಿ ತರಗತಿಯಲ್ಲಿ ನಿಂತು ಮಕ್ಕಳ ಮುಖ ನೋಡಿದ ಒಬ್ಬ ಮೇಷ್ಟ್ರ ಕಣ್ಣಿದೆ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಕಾನೂನು ಪಾಠ ಹೇಳುತ್ತಿದ್ದ ಪ್ರೊ. ಎಂ.ಡಿ. ನಂಜುಂಡಸ್ವಾಮಿ, ಮೈಸೂರಿನ ಪ್ರೊ. ಕೆ. ರಾಮದಾಸ್, ಹೀಗೆ ಆ ಕಾಲದ ಹೋರಾಟಗಳಲ್ಲಿ ‘ಪ್ರೊ.’ ಎಂಬುದು ಬರಿಯ ಹುದ್ದೆಯ ಹೆಸರಾಗಿ ಉಳಿದಿರಲಿಲ್ಲ. ಹಳ್ಳಿಯ ಜನ ಅವರನ್ನು ‘ಪ್ರೊಫೆಸರು’ ಎಂದೇ ಕರೆಯುತ್ತಿದ್ದರು, ಆ ಕರೆಯಲ್ಲಿ ನಂಬಿಕೆಯಿತ್ತು.

ವೆಲಿವಾಡ

2016ರ ಫೆಬ್ರವರಿಯಲ್ಲಿ ನಾವು ನಾಲ್ವರು ಅಧ್ಯಾಪಕರು ರಾತ್ರಿ ಬಸ್ಸಿನಲ್ಲಿ ಹೈದರಾಬಾದಿಗೆ ಹೋದೆವು. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಜನವರಿ 17ರಂದು ತೀರಿಕೊಂಡು ಆಗ ತಿಂಗಳಾಗುತ್ತ ಬಂದಿತ್ತು. ಅಂಬೇಡ್ಕರ್ ವಿದ್ಯಾರ್ಥಿ ಸಂಘಟನೆಯ ಐವರನ್ನು ಹಾಸ್ಟೆಲಿನಿಂದ ಹೊರಹಾಕಿ, ಆಡಳಿತ ಕಟ್ಟಡಕ್ಕೂ ಸಾರ್ವಜನಿಕ ಜಾಗಗಳಿಗೂ ಗುಂಪಾಗಿ ಬರಕೂಡದೆಂದು ಆದೇಶಿಸಿದ ಮೇಲೆ ಆ ಐವರು ಜನವರಿಯ ಚಳಿಯಲ್ಲಿ ಕ್ಯಾಂಪಸ್ಸಿನ ಅಂಗಡಿಸಾಲಿನ ಮುಂದಿನ ಬಯಲಿನಲ್ಲಿ ಡೇರೆ ಹಾಕಿಕೊಂಡು ಮಲಗಿದ್ದರು. ಅಂಬೇಡ್ಕರ್, ಫುಲೆ ದಂಪತಿಯ ಚಿತ್ರಗಳಿದ್ದ ದೊಡ್ಡ ಫ್ಲೆಕ್ಸುಗಳನ್ನೇ ಗೋಡೆಯಾಗಿ ನಿಲ್ಲಿಸಿ ಅದಕ್ಕೆ ಅವರು ‘ವೆಲಿವಾಡ’ ಎಂದು ಹೆಸರಿಟ್ಟಿದ್ದರು.

ನಾವು ಹೋದಾಗ ಅಲ್ಲಿ ಧರಣಿ ನಡೆಯುತ್ತಿತ್ತು. ನೆಲಕ್ಕೆ ಹಾಸಿದ್ದ ಜಮಖಾನದ ಅಂಚಿನಲ್ಲಿ ಚಪ್ಪಲಿ ಬಿಟ್ಟು ಕೂತೆವು. ಪಕ್ಕದಲ್ಲಿ ಕೂತಿದ್ದ ತೆಳ್ಳಗಿನ ಹುಡುಗನೊಬ್ಬ ನಮ್ಮ ಮಾತು ಕೇಳಿ ಹತ್ತಿರ ಸರಿದ. ರಾಯಚೂರು ಕಡೆಯವನು, ಅಲ್ಲಿ ಸಂಶೋಧನೆ ಮಾಡುತ್ತಿದ್ದ. ಆ ಭಾಗದವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಫ್ಲೆಕ್ಸಿನ ಮೇಲಿದ್ದ ತೆಲುಗು ಅಕ್ಷರಗಳನ್ನು ನಾನು ಕಷ್ಟಪಟ್ಟು ಕೂಡಿಸಿ ಓದುತ್ತಿದ್ದುದನ್ನು ನೋಡಿ, “ವೆಲಿವಾಡ ಅಂದ್ರ ನಮ್ ಕಡಿ ಕೇರಿ ಅಂತಾರಲ್ರಿ ಸರ, ಊರ ಹೊರಗಿಂದು, ಅದ ರೀ ಇದು” ಎಂದ. ಸ್ವಲ್ಪ ತಡೆದು, “ಊರಾಗ ಕೇರಿ ಬಿಟ್ಟು ಬಂದೆ ಅಂದ್ಕೊಂಡಿದ್ದೆ ರೀ” ಎಂದ.

ಆ ಮಾತಿಗೆ ನಾನು ಏನೂ ಹೇಳಲಿಲ್ಲ. ನಾನು ಹುಟ್ಟಿದ್ದು ಊರೊಳಗಿನ ಬೀದಿಯಲ್ಲಿ. ವಿಶ್ವವಿದ್ಯಾಲಯಕ್ಕೆ ಸೇರಿದ ದಿನ ನನ್ನ ರ್‍ಯಾಂಕ್ ಎಷ್ಟು ಎಂದು ಯಾರೂ ಕೇಳಿರಲಿಲ್ಲ. ನನ್ನ ಕೊಠಡಿಯ ಪಕ್ಕದ ಗೆಳೆಯನನ್ನು ಆ ಪ್ರಶ್ನೆಯನ್ನು ಮೊದಲ ವಾರದಲ್ಲಿಯೇ ಮೂರು ಜನ ಕೇಳಿದ್ದರಂತೆ, ಮತ್ತು ಆ ಪ್ರಶ್ನೆ ರ್‍ಯಾಂಕಿನ ಬಗ್ಗೆ ಅಲ್ಲವೆಂಬುದು ಅವನಿಗೂ ಕೇಳಿದವರಿಗೂ ಗೊತ್ತಿತ್ತು. ಇದನ್ನು ಅವನು ನನಗೆ ಹೇಳಿದ್ದು ಎಷ್ಟೋ ವರ್ಷಗಳ ನಂತರ. ಒಂದೇ ಹಾಸ್ಟೆಲಿನಲ್ಲಿ, ಒಂದೇ ಮೆಸ್ಸಿನಲ್ಲಿ ಎರಡು ವರ್ಷ ಉಂಡ ನಾವಿಬ್ಬರು ಎರಡು ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಓದಿದ್ದೆವು.

ರೋಹಿತನ ಕೊನೆಯ ಪತ್ರದಲ್ಲಿ ನಕ್ಷತ್ರಗಳ ಮಾತಿದೆ, ವಿಜ್ಞಾನದ ಬರಹಗಾರನಾಗಬೇಕೆಂಬ ಆಸೆಯ ಮಾತಿದೆ. ಎಲ್ಲರೂ ಅದನ್ನು ಉಲ್ಲೇಖಿಸುತ್ತಾರೆ. ನನ್ನನ್ನು ಬಿಡದೆ ಕಾಡುವುದು ಅದರ ಕೊನೆಯ ಭಾಗದಲ್ಲಿರುವ ಲೆಕ್ಕ. ಏಳು ತಿಂಗಳ ಫೆಲೋಶಿಪ್, ಒಂದು ಲಕ್ಷದ ಎಪ್ಪತ್ತೈದು ಸಾವಿರ ರೂಪಾಯಿ, ತನಗೆ ಬರಬೇಕಿದೆ, ಅದು ತನ್ನ ಮನೆಯವರಿಗೆ ಸೇರುವಂತೆ ನೋಡಿಕೊಳ್ಳಿ ಎಂದು ಅವನು ಬರೆದಿದ್ದಾನೆ. ಒಬ್ಬ ಗೆಳೆಯನಿಗೆ ಸುಮಾರು 40 ಸಾವಿರ ಕೊಡಬೇಕಿದೆ, ಅವನು ಎಂದೂ ಅದನ್ನು ವಾಪಸು ಕೇಳಲಿಲ್ಲ, ದಯವಿಟ್ಟು ಅದನ್ನು ತೀರಿಸಿ ಎಂದೂ ಬರೆದಿದ್ದಾನೆ. ತಿಂಗಳಿಗೆ 25 ಸಾವಿರ, ಏಳು ತಿಂಗಳು. ಈ ಏಳು ತಿಂಗಳಲ್ಲಿ ಎಷ್ಟು ಸಲ ಆ ಯುವಕನಿಗೆ ‘ನಾಳೆ ಬಾ’ ಎಂಬ ಉತ್ತರ ಸಿಕ್ಕಿರಬಹುದು ಎಂದು ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇದೇ ಕ್ಯಾಂಪಸ್ಸಿನಲ್ಲಿ 2008ರಲ್ಲಿ ಭೌತಶಾಸ್ತ್ರದ ಒಬ್ಬ ದಲಿತ ಸಂಶೋಧನಾ ವಿದ್ಯಾರ್ಥಿ ಪ್ರಾಣ ಕಳೆದುಕೊಂಡಾಗಲೂ ನಿಂತುಹೋಗಿದ್ದ ಫೆಲೋಶಿಪ್ಪಿನ ಮಾತು ಎದ್ದಿತ್ತು. ರೋಹಿತ್ ತೀರಿಕೊಳ್ಳುವ ಮೂರು ತಿಂಗಳ ಮುಂಚೆ, 2015ರ ಅಕ್ಟೋಬರ್‌ನಲ್ಲಿ, ಎಂ.ಫಿಲ್. ವಿದ್ಯಾರ್ಥಿಗಳಿಗೆ 5,000 ಮತ್ತು ಪಿಎಚ್.ಡಿ.ಯವರಿಗೆ 8,000 ರೂಪಾಯಿ ಸಿಗುತ್ತಿದ್ದ ನೆಟ್-ಯೇತರ (ನೆಟ್ ಅರ್ಹತಾ ಪರೀಕ್ಷೆ ಪಾಸಾಗದ ಸಂಶೋಧಕರಿಗೆ ಕೊಡುವ) ಫೆಲೋಶಿಪ್ಪನ್ನು ನಿಲ್ಲಿಸುವ ನಿರ್ಧಾರ ಬಂದಾಗ ದೆಹಲಿಯ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಕಚೇರಿಯ ಮುಂದೆ ವಿದ್ಯಾರ್ಥಿಗಳು ರಾತ್ರಿ ಹಗಲೆನ್ನದೆ ಕೂತದ್ದೂ ಇದೇ ಕಾರಣಕ್ಕೆ. ಹೊರಗಿನವರಿಗೆ ಫೆಲೋಶಿಪ್ ಎಂದರೆ ಓದುವುದಕ್ಕೆ ಕೊಡುವ ಉಡುಗೊರೆಯಂತೆ ಕಾಣುತ್ತದೆ. ಆ ಹಣದಲ್ಲಿ ಊರಿಗೆ ಔಷಧಿ ಹೋಗುತ್ತಿರುತ್ತದೆ, ತಂಗಿಯ ಶುಲ್ಕ ಹೋಗುತ್ತಿರುತ್ತದೆ, ತಂದೆಯ ಸಾಲದ ಬಡ್ಡಿ ಹೋಗುತ್ತಿರುತ್ತದೆ.

ಆ ದಿನ ಹೈದರಾಬಾದಿನಲ್ಲಿ ನಾನು ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ ಅಧ್ಯಾಪಕರನ್ನು ಗಮನಿಸಿದೆ. ಆವರಣದ ಪರಿಶಿಷ್ಟ ಜಾತಿ, ಪಂಗಡಗಳ ಅಧ್ಯಾಪಕರಲ್ಲಿ ಹಲವರು ಜನವರಿಯಲ್ಲಿಯೇ ತಮ್ಮ ಆಡಳಿತಾತ್ಮಕ ಹೊಣೆಗಳನ್ನು ಬಿಟ್ಟುಕೊಟ್ಟಿದ್ದರು. ಕೆಲವರು ಧರಣಿಯ ಹಿಂದಿನ ಸಾಲಿನಲ್ಲಿ, ಮರದ ನೆರಳಿನಲ್ಲಿ ಸುಮ್ಮನೆ ಕೂತಿದ್ದರು. ಭಾಷಣ ಮಾಡುತ್ತಿರಲಿಲ್ಲ. ಒಬ್ಬ ಪ್ರಾಧ್ಯಾಪಕಿ ಉತ್ತರಪತ್ರಿಕೆಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಿಯೇ ಮೌಲ್ಯಮಾಪನ ಮಾಡುತ್ತಿದ್ದರು. ಮಧ್ಯೆ ಮಧ್ಯೆ ಯಾರಾದರೂ ಹುಡುಗಿ ಬಂದು ಅವರ ಕಿವಿಯಲ್ಲಿ ಏನೋ ಕೇಳುತ್ತಿದ್ದಳು, ಅವರು ಪೆನ್ನು ಕೆಳಗಿಟ್ಟು ಉತ್ತರ ಹೇಳಿ ಮತ್ತೆ ಕೆಂಪು ಶಾಯಿಗೆ ಹಿಂದಿರುಗುತ್ತಿದ್ದರು. ಅಲ್ಲಿ ಇರುವುದೇ ಅವರ ಕೆಲಸವಾಗಿತ್ತು. ಮಾರ್ಚ್ 22ರಂದು ಕುಲಪತಿಗಳು ರಜೆಯಿಂದ ಮರಳಿದಾಗ ಪ್ರತಿಭಟನೆ ನಡೆದು, ಪೊಲೀಸರು ಲಾಠಿ ಬೀಸಿ, ಸುಮಾರು 25 ವಿದ್ಯಾರ್ಥಿಗಳನ್ನು ಬಂಧಿಸಿದರು. ಅವರ ಜೊತೆ ಇಬ್ಬರು ಅಧ್ಯಾಪಕರೂ ಜೈಲಿಗೆ ಹೋದರು. ಹಾಸ್ಟೆಲುಗಳ ಅಡುಗೆಮನೆ ಮುಚ್ಚಿ ನೀರು ನಿಂತುಹೋದ ಸುದ್ದಿಯನ್ನು ನಾನು ಇಲ್ಲಿ ಮನೆಯಲ್ಲಿ ಕೂತು ಓದಿದೆ. ಮತ್ತೆ ನೀರು. ಕಲ್ಲುಬೆಂಚಿನ ಮೇಲೆ ಕೂತು ಮೇಷ್ಟ್ರು ಹೇಳಿದ್ದು ನೆನಪಾಗದೆ ಹೇಗಿರುತ್ತದೆ?

ಸಹಿಯ ಬೆಲೆ

ಒಂದು ಸಹಿಗೆ ಇಷ್ಟು ಮಹತ್ವವೇಕೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು. ಕರ್ನಾಟಕದ ಕ್ಯಾಂಪಸ್ಸುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತು ಮೂರು ದಶಕಗಳೇ ಕಳೆದಿವೆ. ತಾವೇ ಆರಿಸಿದ ಒಬ್ಬ ಪ್ರತಿನಿಧಿಯನ್ನು ಕುಲಸಚಿವರ ಮುಂದೆ ಕೂರಿಸಿ ಮಾತನಾಡಿಸುವ ದಾರಿ ನಮ್ಮ ವಿದ್ಯಾರ್ಥಿಗಳಿಗೆ ಇಲ್ಲ. ಅವರಿಗೆ ಉಳಿದಿರುವುದು ಮನವಿ ಪತ್ರ ಮತ್ತು ಧರಣಿ. ಧರಣಿಗೆ ಕೂತವನ ಹೆಸರು ಯಾರದೋ ಡೈರಿಯಲ್ಲಿ ಸೇರುತ್ತದೆ, ಆಂತರಿಕ ಅಂಕಗಳ ಸಮಯದಲ್ಲಿ ಆ ಡೈರಿ ತೆರೆದುಕೊಳ್ಳಬಹುದೆಂಬ ಭಯ ಅವನಿಗಿರುತ್ತದೆ. ಅದಲ್ಲದೆ ವಿದ್ಯಾರ್ಥಿ ಎರಡು ವರ್ಷಕ್ಕೆ ಹೊರಟುಹೋಗುತ್ತಾನೆ, ಕಡತ ಹೋಗುವುದಿಲ್ಲ. ಎರಡು ವರ್ಷ ‘ನಾಳೆ ಬಾ’ ಎಂದು ಹೇಳುತ್ತ ಹೋದರೆ ಯಾವ ಬೇಡಿಕೆಯೂ ತಾನಾಗಿಯೇ ಇಲ್ಲವಾಗುತ್ತದೆ. ಅಧ್ಯಾಪಕ ಉಳಿಯುತ್ತಾನೆ. ಹಿಂದಿನ ವರ್ಷ ಏನು ಭರವಸೆ ಕೊಟ್ಟಿದ್ದರು, ಯಾವ ಸಭೆಯ ನಡಾವಳಿಯಲ್ಲಿ ಏನು ಬರೆದಿದೆ ಎಂಬ ನೆನಪನ್ನು ಹೊಸಬರಿಗೆ ದಾಟಿಸಬಲ್ಲವನು ಅವನೊಬ್ಬನೇ. ವಿದ್ಯಾರ್ಥಿ ಹೋರಾಟದಲ್ಲಿ ಅಧ್ಯಾಪಕರ ಪಾತ್ರವೇನು ಎಂದು ಗೋಷ್ಠಿಗಳಲ್ಲಿ ಬಹಳ ಚರ್ಚಿಸುತ್ತೇವೆ. ನನ್ನ ಮಟ್ಟಿಗೆ ಅದರ ಅರ್ಧ ಉತ್ತರ ಈ ನೆನಪನ್ನು ಕಾಯುವುದರಲ್ಲಿಯೇ ಇದೆ.

ಭಯ ಸುಳ್ಳೆಂದು ನಾನು ಹೇಳುವುದಿಲ್ಲ. 2018ರಲ್ಲಿ ಒಂದು ದಿನದ ಪ್ರತಿಭಟನೆಯಲ್ಲಿ ಭಾಗವಹಿಸಿದ್ದಕ್ಕೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ 48 ಅಧ್ಯಾಪಕರಿಗೆ ಮರುವರ್ಷ ಸರ್ಕಾರಿ ನೌಕರರ ನಡತೆ ನಿಯಮಗಳ ಅಡಿಯಲ್ಲಿ ಆರೋಪಪಟ್ಟಿ ಬಂದಿತ್ತು. ಕಾರಣ ಕೇಳಿ ಬರುವ ನೋಟಿಸು, ಬಡ್ತಿಯ ಕಡತಕ್ಕೆ ಸೇರುವ ಒಂದು ಹಾಳೆ, ನಿವೃತ್ತಿಯ ಹೊತ್ತಿಗೆ ಸಿಗದ ಬೇಬಾಕಿ ಪತ್ರ, ಇವೆಲ್ಲ ನಿಜವಾದ ಸಂಗತಿಗಳು. ಆದರೆ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೂ 2022ರ ಆ ಸಂಜೆ ಕಳೆದುಕೊಳ್ಳಲು ನನ್ನ ಬಳಿ ಇದ್ದದ್ದು ಬಹಳ ಕಡಿಮೆ. ನನ್ನ ಕೆಲಸ ಕಾಯಂ. ಸಹಿ ಮಾಡಿದ ಅತಿಥಿ ಉಪನ್ಯಾಸಕಿಯ ಕೆಲಸ ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕಿ ಪಡೆಯಬೇಕಾದದ್ದು. ಮರುವರ್ಷದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕಾರ್ಯಭಾರ ಸಾಲದು ಎಂಬ ಕಾರಣ ಕಡತದಲ್ಲಿತ್ತು. ಕಾರ್ಯಭಾರ ನಿಜಕ್ಕೂ ಸ್ವಲ್ಪ ಕಡಿಮೆಯಾಗಿತ್ತು, ಆದ್ದರಿಂದ ಯಾರೂ ಏನನ್ನೂ ಸಾಧಿಸಿ ತೋರಿಸಲಾಗದು. ನನ್ನ ಸಹಿ ಅವರ ಸಹಿಯ ಮೇಲಿದ್ದಿದ್ದರೆ, ಅದರ ಕೆಳಗೆ ಇನ್ನೂ ಐದಾರು ಕಾಯಂ ಅಧ್ಯಾಪಕರ ಸಹಿಗಳಿದ್ದಿದ್ದರೆ ಆ ಹಾಳೆಯಲ್ಲಿ ಅವರೊಬ್ಬರೇ ಎದ್ದು ಕಾಣುತ್ತಿರಲಿಲ್ಲ. ಇದನ್ನು ನಾನು ಯಾವ ಕಾರ್ಯಭಾರದ ಲೆಕ್ಕದಿಂದಲೂ ತಳ್ಳಿಹಾಕಲಾರೆ.

ನಿಯಮಗಳು ಬಂದಿವೆ, ಅದನ್ನೂ ಹೇಳಬೇಕು. ದೆಹಲಿಯ ವೈದ್ಯಕೀಯ ಸಂಸ್ಥೆ ಏಮ್ಸ್‌ನಲ್ಲಿನ ತಾರತಮ್ಯದ ಬಗ್ಗೆ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಯುಜಿಸಿ 2012ರಲ್ಲಿ ಸಮಾನತೆಯ ಉತ್ತೇಜನಕ್ಕೆಂದು ನಿಯಮಾವಳಿ ತಂದು ಪ್ರತಿ ಸಂಸ್ಥೆಯಲ್ಲಿಯೂ ಸಮಾನ ಅವಕಾಶ ಕೋಶ ಇರಬೇಕೆಂದಿತು. ರೋಹಿತನ ತಾಯಿ ಮತ್ತು ಮುಂಬೈಯ ವೈದ್ಯ ವಿದ್ಯಾರ್ಥಿನಿ ಪಾಯಲ್ ತಡ್ವಿಯ ತಾಯಿ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಆ ನಿಯಮಗಳು ಕಾಗದದಲ್ಲಿಯೇ ಉಳಿದಿವೆ ಎಂಬ ಕಾರಣಕ್ಕೆ. ಮಕ್ಕಳನ್ನು ಕಳೆದುಕೊಂಡ ಇಬ್ಬರು ತಾಯಂದಿರು ಇನ್ನೊಬ್ಬರ ಮಕ್ಕಳಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2025ರಲ್ಲಿ ನಮ್ಮ ರಾಜ್ಯ ಸರ್ಕಾರವೂ ರೋಹಿತನ ಹೆಸರಿನಲ್ಲಿ ಒಂದು ಕಾಯ್ದೆ ತರುವ ಮಾತಾಡಿದೆ. ಬರಲಿ, ಬರಬೇಕು. ಆ ಕಾಯ್ದೆಯಡಿ ರಚನೆಯಾಗುವ ಸಮಿತಿಗಳಲ್ಲಿ ಕೂರುವವರು ಮಾತ್ರ ಮತ್ತೆ ನಾವೇ, ಅದೇ ಅಧ್ಯಾಪಕರ ಕೊಠಡಿಯವರು. ದೂರು ತಂದವನಿಗೆ ಮೊದಲು ನೀರು ಕೊಡುತ್ತೇವೆಯೇ, ಪಂಪನ ಮಾತು ಮುಗಿಯಲಿ ಎನ್ನುತ್ತೇವೆಯೇ ಎಂಬುದನ್ನು ಯಾವ ಕಾಯ್ದೆಯೂ ನಮ್ಮ ಪರವಾಗಿ ತೀರ್ಮಾನಿಸಲಾರದು.

ಎಂಟು ಗಂಟೆಗೆ

ಕಳೆದ ವರ್ಷ ಬಸ್ ನಿಲ್ದಾಣದಲ್ಲಿ ಆ ಉಪನ್ಯಾಸಕಿ ಸಿಕ್ಕಿದರು. ಈಗ ಒಂದು ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತಾರೆ, ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲೇ ಹೋಗುತ್ತದೆಯಂತೆ. ನಾನು ಏನೋ ಕ್ಷಮೆಯ ಮಾತು ಶುರುಮಾಡಿದೆ. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. “ಸರ್, ಆ ಹುಡುಗ್ರ ದುಡ್ಡು ಬಂತಾ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಎರಡು ವರ್ಷ ನನ್ನ ಅಳುಕನ್ನು ನಾನು ಜತನವಾಗಿ ಇಟ್ಟುಕೊಂಡಿದ್ದೆ, ಆ ಹಣ ಬಂತೇ ಇಲ್ಲವೇ ಎಂದು ಮಾತ್ರ ವಿಚಾರಿಸಿರಲಿಲ್ಲ.

ಮರುದಿನ ಬೆಳಿಗ್ಗೆ ವಿದ್ಯಾರ್ಥಿವೇತನ ವಿಭಾಗಕ್ಕೆ ಹೋದೆ. ವಿಷಯ ನಿರ್ವಾಹಕರು ಒಳ್ಳೆಯ ಮನುಷ್ಯ, ಎರಡು ರಿಜಿಸ್ಟರ್ ತೆಗೆದು ಕಂಪ್ಯೂಟರಿನಲ್ಲಿಯೂ ನೋಡಿದರು. ಮೂವರಿಗೆ ಹಣ ಜಮಾ ಆಗಿತ್ತು. ಇಬ್ಬರ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲವಾದ್ದರಿಂದ ಹಣ ಹೋಗದೆ ಉಳಿದಿತ್ತು. ಆ ಇಬ್ಬರೂ ಅಷ್ಟರಲ್ಲಿ ಓದು ಬಿಟ್ಟು ಹೋಗಿದ್ದರು. ಅವರಿಗೆ ಯಾರೂ ತಿಳಿಸಿರಲಿಲ್ಲ, ತಿಳಿಸುವುದು ಯಾರ ಕೆಲಸವೂ ಆಗಿರಲಿಲ್ಲ. ಪ್ರವೇಶ ಅರ್ಜಿಗಳಿಂದ ಇಬ್ಬರ ಫೋನ್ ನಂಬರನ್ನೂ ಬರೆದುಕೊಂಡೆ. ಒಂದು ನಂಬರ್ ಚಾಲ್ತಿಯಲ್ಲಿರಲಿಲ್ಲ. ಇನ್ನೊಂದಕ್ಕೆ ಮೂರನೆಯ ಸಲಕ್ಕೆ ಉತ್ತರ ಬಂತು, ಹಿಂದೆ ಯಂತ್ರಗಳ ಸದ್ದಿತ್ತು. ನನ್ನ ಹೆಸರು ಹೇಳಿದೆ. ಅವನಿಗೆ ತಕ್ಷಣ ಗುರುತು ಸಿಕ್ಕಿತು. “ಸರ್, ನಾನು ಬಿಟ್ಟು ಒಂದೂವರೆ ವರ್ಷ ಆಯ್ತು ಸರ್” ಎಂದ, ಗೈರುಹಾಜರಿಯ ಬಗ್ಗೆ ಕೇಳಲು ಫೋನ್ ಮಾಡಿದ್ದೇನೆ ಎಂಬಂತೆ. ಹಣದ ವಿಷಯ ಹೇಳಿದೆ. ಬ್ಯಾಂಕಿಗೆ ಹೋಗಬೇಕಾದದ್ದು, ತರಬೇಕಾದ ಕಾಗದಗಳು ಎಲ್ಲವನ್ನೂ ಹೇಳತೊಡಗಿದೆ. “ಈಗ ಲೈನ್‌ನಲ್ಲಿದೀನಿ ಸರ್, ಸೂಪರ್‌ವೈಸರ್ ನೋಡ್ತಿದಾರೆ. ಶಿಫ್ಟ್ ಮುಗಿದ ಮೇಲೆ ಎಂಟು ಗಂಟೆಗೆ ಮಾಡ್ಲಾ ಸರ್? ಇಲ್ಲಾಂದ್ರೆ ನಾಳೆ…” ಎಂದ.

ನಾಳೆ ಬೇಡ, ಇವತ್ತೇ ಎಂಟಕ್ಕೆ ಮಾಡು, ಕಾಯ್ತಿರ್ತೀನಿ ಎಂದೆ. ಎಂಟೂ ಇಪ್ಪತ್ತಕ್ಕೆ ಅವನ ಫೋನ್ ಬಂತು. ಆಧಾರ್ ಕಾರ್ಡ್ ಊರಿನಲ್ಲಿದೆ, ಅಮ್ಮನ ಹತ್ತಿರ, ಪಕ್ಕದ ಮನೆಯವರಿಂದ ಫೋಟೋ ತೆಗೆಸಿ ಕಳಿಸುತ್ತೇನೆ ಎಂದ. ಇನ್ನೊಬ್ಬನ ಊರು ಯಾವುದೆಂದು ಕೇಳಿದೆ. ಅವನಿಗೆ ಗೊತ್ತಿತ್ತು, ಹೇಳಿದ, ನಾನು ಬರೆದುಕೊಂಡೆ.